ಯಹೂದಿ ಮನೆಯ ಊಟದ ಲೆಕ್ಕ: ಶುಕ್ರವಾರದ ದೀಪದಿಂದ ಪೆಸಾಖ್ ಹಬ್ಬದವರೆಗೆ

ನನ್ನ ಅತ್ತೆಯ ತವರಿನವರು ಬಾಗ್ದಾದಿನ ಯಹೂದಿಗಳು. ಮಾವನ ಕಡೆಯವರು ಪೋಲೆಂಡಿನಿಂದ ಬಂದವರು. ಇಬ್ಬರದ್ದೂ ಒಂದೇ ಧರ್ಮ, ಅವೇ ಹಬ್ಬಗಳು. ಆದರೆ ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಪೆಸಾಖ್ ಹಬ್ಬದ ಎಂಟು ದಿನ ಅತ್ತೆಯ ತವರಿನಲ್ಲಿ ಅನ್ನ ಮಾಡುತ್ತಾರೆ, ಮಾವನ ಮನೆಯಲ್ಲಿ ಅಕ್ಕಿ ತಿನ್ನುವುದಿಲ್ಲ. ಮದುವೆಯಾದ ಹೆಣ್ಣು ಗಂಡನ ಮನೆಯ ಪದ್ಧತಿ ಹಿಡಿಯುವುದು ಅವರಲ್ಲೂ ವಾಡಿಕೆ. ಹಾಗಾಗಿ ಅತ್ತೆ ಎಷ್ಟೋ ವರ್ಷ ಆ ಎಂಟು ದಿನ ಅನ್ನ ಬಿಟ್ಟಿದ್ದರು. ನಾನು ನ್ಯೂಜೆರ್ಸಿಯ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ, ಅಕ್ಕಿ ಡಬ್ಬವನ್ನು ಎಲ್ಲಿಡಲಿ ಎಂದು ಕೇಳಿದಾಗ ಇದನ್ನೆಲ್ಲ ಹೇಳಿದರು.

ಆವತ್ತೇ ನನಗೆ ಅರ್ಥವಾಯಿತು. ಯಹೂದಿ ಮನೆಯಲ್ಲಿ ಅಡುಗೆ ಮಾಡಬೇಕಾದರೆ ಶಾಸ್ತ್ರದ ನಿಯಮ ಗೊತ್ತಿದ್ದರೆ ಸಾಲದು, ಆ ಮನೆಯ ಪದ್ಧತಿಯೂ ಗೊತ್ತಿರಬೇಕು. ಆ ಪದ್ಧತಿಗೆ ಮಿನ್ಹಾಗ್ ಎನ್ನುತ್ತಾರೆ. ಮಕ್ಕಳ ಮದುವೆಯಿಂದ ಯಹೂದಿ ಬೀಗರು ಸಿಕ್ಕಿರುವ, ಅಂಥ ಮನೆಗೆ ಸೊಸೆಯಾಗಿ ಬಂದಿರುವ, ಯಹೂದಿ ಸ್ನೇಹಿತರನ್ನು ಊಟಕ್ಕೆ ಕರೆಯುವ ಕನ್ನಡಿಗರು ಈಗ ಅಮೆರಿಕದಲ್ಲಿದ್ದಾರೆ. ನಾನು ಕಲಿತದ್ದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ಕೇಳಿ, ಆಮೇಲೆ ಒಲೆ ಹಚ್ಚಿ

ಕೋಶರ್ ಎಂದರೆ ಶಾಸ್ತ್ರಕ್ಕೆ ಒಪ್ಪುವ ಆಹಾರ. ಅದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ ಎಂಬುದು ಮನೆಯಿಂದ ಮನೆಗೆ ಬೇರೆ. ಕೆಲವರು ಹಂದಿಮಾಂಸ, ಸಿಗಡಿ ಬಿಟ್ಟರೆ ಸಾಕು ಎನ್ನುತ್ತಾರೆ. ಕೆಲವರು ಹೊರಗೆ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಆದ್ದರಿಂದ ಇವಿಷ್ಟನ್ನು ಹಿರಿಯರ ಹತ್ತಿರ ನೇರವಾಗಿ ಕೇಳಿಬಿಡಿ. ಮಾಂಸದ ಊಟವಾದ ಮೇಲೆ ಹಾಲು, ಮೊಸರಿಗೆ ಎಷ್ಟು ಹೊತ್ತು ಕಾಯುತ್ತೀರಿ? ನನ್ನ ಮನೆಯ ಪಾತ್ರೆಯಲ್ಲಿ ಮಾಡಿದ್ದು ನಿಮಗೆ ಆಗುತ್ತದಾ? ಪೆಸಾಖ್‌ನಲ್ಲಿ ಅಕ್ಕಿ, ಬೇಳೆ ತಿನ್ನುತ್ತೀರಾ? ವಾರದ ವಿಶ್ರಾಂತಿಯ ದಿನವಾದ ಶಬ್ಬಾತ್‌ನಲ್ಲಿ ದೀಪದ ಸ್ವಿಚ್ ಮುಟ್ಟುತ್ತೀರಾ?

ಇನ್ನೊಂದು ಸೂಕ್ಷ್ಮವಿದೆ. ತುಂಬಾ ಕಟ್ಟುನಿಟ್ಟಿನ ಮನೆಗಳಲ್ಲಿ ಅಡುಗೆಯಲ್ಲಿ ಯಹೂದಿಯೊಬ್ಬರ ಕೈ ಇರಲೇಬೇಕು. ಪೂರ್ವ ಯುರೋಪಿನ ಅಶ್ಕೆನಾಜಿ ಪದ್ಧತಿಯಲ್ಲಿ ಅವರು ಒಲೆ ಹಚ್ಚಿಕೊಟ್ಟರೆ ಸಾಕು. ಸ್ಪೇನ್ ಮೂಲದ ಸೆಫಾರ್ದಿ ಪದ್ಧತಿಯಲ್ಲಿ ಪಾತ್ರೆಯನ್ನೂ ಅವರೇ ಒಲೆಯ ಮೇಲಿಡುತ್ತಾರೆ. ಇದನ್ನು ಕೇಳಿ ಮೊದಲು ನನ್ನ ಮನಸ್ಸಿಗೆ ಚುಚ್ಚಿತ್ತು. ನಮ್ಮಜ್ಜಿ ಮಡಿಯಲ್ಲಿರುವಾಗ ನನ್ನನ್ನೇ ಅಡುಗೆಮನೆಯ ಹೊಸ್ತಿಲ ಹೊರಗೆ ನಿಲ್ಲಿಸುತ್ತಿದ್ದದ್ದು ನೆನಪಾಯಿತು. ಈಗ ನಮ್ಮ ಮನೆಯಲ್ಲಿ ಅತ್ತೆ ಒಲೆ ಹಚ್ಚುತ್ತಾರೆ, ಪಾತ್ರೆ ಇಡುತ್ತಾರೆ, ಮುಂದಿನದ್ದು ನನ್ನದು. ಇಬ್ಬರಿಗೂ ನೆಮ್ಮದಿ.

ಹೆಜ್ಜೆ 2: ಎಲ್ಲವನ್ನೂ ಮೂರು ಗುಂಪು ಮಾಡಿ

ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂಬ ಮಾತು ಯಹೂದಿಗಳ ಧರ್ಮಗ್ರಂಥವಾದ ಟೋರಾದಲ್ಲಿ ಮೂರು ಸಲ ಬರುತ್ತದೆ. ಅಡುಗೆಮನೆಯ ಪೂರ್ತಿ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ಮಾಂಸದ್ದು ಒಂದು ಗುಂಪು, ಹಾಲಿನದ್ದು ಇನ್ನೊಂದು. ಎರಡೂ ಅಲ್ಲದ್ದು ಪಾರ್ವೆ: ಧಾನ್ಯ, ಬೇಳೆ, ತರಕಾರಿ, ಹಣ್ಣು, ಎಣ್ಣೆ, ಮೊಟ್ಟೆ, ಮೀನು. ಪಾರ್ವೆ ಯಾವುದರ ಜೊತೆಗೂ ಸೇರುತ್ತದೆ. ಆದರೆ ಮೀನನ್ನೂ ಮಾಂಸವನ್ನೂ ಒಟ್ಟಿಗೆ ಬೇಯಿಸುವುದಿಲ್ಲ, ಬೇರೆ ತಟ್ಟೆ ಇಡುತ್ತಾರೆ.

ಮಾಂಸ ತಿಂದ ಮೇಲೆ ಹಾಲಿಗೆ ಕಾಯುವ ಹೊತ್ತು ಬಹಳಷ್ಟು ಮನೆಗಳಲ್ಲಿ ಆರು ಗಂಟೆ. ಜರ್ಮನಿ ಮೂಲದವರಲ್ಲಿ ಮೂರು, ಹಾಲೆಂಡಿನವರಲ್ಲಿ ಒಂದು. ಊಟದ ಯೋಜನೆಗೆ ಇದು ಮುಖ್ಯ. ಆರು ಗಂಟೆ ಕಾಯುವ ಮನೆಯಲ್ಲಿ ಮಧ್ಯಾಹ್ನ ಎರಡಕ್ಕೆ ಕೋಳಿ ತಿಂದವರಿಗೆ ಸಂಜೆ ಐದರ ಕಾಫಿಗೆ ಹಾಲು ಹಾಕಿಕೊಡುವ ಹಾಗಿಲ್ಲ.

ಪಾತ್ರೆ, ಸೌಟು, ತಟ್ಟೆ, ಪಾತ್ರೆ ತಿಕ್ಕುವ ಸ್ಪಂಜು ಎಲ್ಲವೂ ಎರಡೆರಡು ಜೊತೆ. ನಮ್ಮಲ್ಲಿ ಮಾಂಸಕ್ಕೆ ಕೆಂಪು ಟೇಪು, ಹಾಲಿಗೆ ನೀಲಿ ಟೇಪು. ಸಿಂಕ್ ಒಂದೇ ಇದ್ದರೆ ಒಳಗೆ ಇಡಲು ಎರಡು ಪ್ಲಾಸ್ಟಿಕ್ ಟಬ್ಬು ತನ್ನಿ. ಮುಸುರೆ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟಬೇಡ ಎಂಬ ಮಾತು ಕೇಳಿ ಬೆಳೆದವರಿಗೆ ಇದು ಬೇಗ ರೂಢಿಯಾಗುತ್ತದೆ.

ಈಗ ನಮ್ಮ ಅಡುಗೆಯನ್ನು ಈ ಗುಂಪುಗಳಿಗೆ ಹಾಕಿ ನೋಡಿ. ಚಿತ್ರಾನ್ನ, ಇಡ್ಲಿ, ಪಲ್ಯ, ಕೋಸಂಬರಿ, ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟ ಸಾರು, ಹುಳಿ ಎಲ್ಲವೂ ಪಾರ್ವೆ. ಮಜ್ಜಿಗೆ ಹುಳಿ ಹಾಲಿನದ್ದು. ತೊಂದರೆ ಇರುವುದು ತುಪ್ಪದಲ್ಲಿ! ಮದುವೆಯಾದ ಹೊಸತರಲ್ಲಿ, ಕೋಳಿ ಊಟದ ದಿನ, ಅಭ್ಯಾಸಬಲದಿಂದ ಬೇಳೆ ಸಾರಿಗೆ ತುಪ್ಪದ ಒಗ್ಗರಣೆ ಹಾಕಿಬಿಟ್ಟೆ. ಸಾರು ಹಾಲಿನ ಗುಂಪಿಗೆ ಸೇರಿತು. ಅವತ್ತು ಯಾರೂ ಬಡಿಸಿಕೊಳ್ಳಲಿಲ್ಲ. ಆ ಪಾತ್ರೆಗೂ ನೀಲಿ ಟೇಪು ಬಿತ್ತು. ಈಗ ತುಪ್ಪದ ಡಬ್ಬ ಒಲೆಯ ಪಕ್ಕದಲ್ಲಿಲ್ಲ, ಹಾಲಿನ ಕಪಾಟಿನಲ್ಲಿದೆ.

ಮಾಂಸದ ಸಾರಿಗೆ ಮೊಸರಿನ ಬದಲು ತೆಂಗಿನ ಹಾಲು ಹಾಕಿ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ಮಾಡುವುದೇ ಹಾಗೆ. ಪಾಯಸಕ್ಕೂ ಅದೇ ಉಪಾಯ. ಕಡಲೆಬೇಳೆ ಪಾಯಸವನ್ನು ಕಾಯಿಹಾಲಿನಲ್ಲಿ ಮಾಡಿದರೆ ಕೋಳಿ ಊಟದ ಕೊನೆಗೂ ಧೈರ್ಯವಾಗಿ ಬಡಿಸಬಹುದು.

ಹೆಜ್ಜೆ 3: ಪೊಟ್ಟಣ ಓದಲು ಕಲಿಯಿರಿ

ಅಮೆರಿಕದ ಅಂಗಡಿಗಳಲ್ಲಿ ತುಂಬಾ ಪೊಟ್ಟಣಗಳ ಮೇಲೆ ವೃತ್ತದೊಳಗೆ ಯು ಅಕ್ಷರ ಇರುತ್ತದೆ. ಅದು ಕೋಶರ್ ಗುರುತು. ಪಕ್ಕದಲ್ಲಿ ಡಿ ಇದ್ದರೆ ಹಾಲಿನದ್ದು. ಪಿ ಇದ್ದರೆ ಪಾರ್ವೆ ಎಂದುಕೊಳ್ಳಬೇಡಿ. ಅದು ಪೆಸಾಖ್‌ಗೆ ಆಗುತ್ತದೆ ಎಂಬ ಸೂಚನೆ. ಹೊಸಬರು ಇಲ್ಲಿ ತಪ್ಪುವುದು ಜಾಸ್ತಿ.

ಮಾಂಸವನ್ನು ಕೋಶರ್ ಅಂಗಡಿಯಿಂದಲೇ ತನ್ನಿ. ಸೀಳಿದ ಗೊರಸು ಇದ್ದು ಮೆಲುಕು ಹಾಕುವ ಪ್ರಾಣಿ, ಶಾಸ್ತ್ರದ ಪ್ರಕಾರ ಕೊಯ್ದದ್ದು, ಉಪ್ಪು ಹಾಕಿ ರಕ್ತ ತೆಗೆದದ್ದು, ಇಷ್ಟೆಲ್ಲ ಆಗಿರಬೇಕು. ಮೀನಿಗೆ ರೆಕ್ಕೆಯೂ ಹುರುಪೆಯೂ ಬೇಕು. ಬಂಗುಡೆ ಆಗುತ್ತದೆ. ಏಡಿ, ಸಿಗಡಿ, ಮರುವಾಯಿ ಆಗುವುದಿಲ್ಲ. ಚೀಸ್, ಜೆಲಟಿನ್ ಇರುವ ತಿಂಡಿ, ವೈನ್ ಮೂರಕ್ಕೂ ಗುರುತು ನೋಡಲೇಬೇಕು. ವೈನ್ ಬಾಟಲಿಯ ಮೇಲೆ ಮೆವುಶಾಲ್ ಎಂದಿದ್ದರೆ ಅದನ್ನು ಬಿಸಿ ಮಾಡಲಾಗಿದೆ ಎಂದರ್ಥ. ಅದನ್ನು ಯಾರು ಬೇಕಾದರೂ ಸುರಿಯಬಹುದು. ಹಾಗೆ ಬರೆದಿಲ್ಲದಿದ್ದರೆ ಸುರಿಯುವ ಕೆಲಸ ಮನೆಯವರಿಗೆ ಬಿಡಿ.

ಮೊಟ್ಟೆಯನ್ನು ಮೊದಲು ಲೋಟಕ್ಕೆ ಒಡೆದು ನೋಡಿ, ರಕ್ತದ ಚುಕ್ಕೆ ಇದ್ದರೆ ಬಿಸಾಡಿ. ಕೊತ್ತಂಬರಿ, ಕರಿಬೇವು, ಹೂಕೋಸಿನಲ್ಲಿ ಹುಳ ಇದೆಯಾ ಎಂದು ನೀರಿನಲ್ಲಿ ನೆನೆಸಿ, ಬೆಳಕಿಗೆ ಹಿಡಿದು ನೋಡುತ್ತಾರೆ.

ಹೆಜ್ಜೆ 4: ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ

ಯಹೂದಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಶನಿವಾರದ ಶಬ್ಬಾತ್ ಶುಕ್ರವಾರ ಸಂಜೆಯೇ ಬರುತ್ತದೆ. ಸೂರ್ಯ ಮುಳುಗುವ 18 ನಿಮಿಷ ಮುಂಚೆ ದೀಪ ಹಚ್ಚುವುದು ಬಹಳ ಕಡೆಯ ರೂಢಿ. ಜೆರುಸಲೇಮ್‌ನಲ್ಲಿ 40 ನಿಮಿಷ ಮುಂಚೆ. ನ್ಯೂಜೆರ್ಸಿಯಲ್ಲಿ ಜೂನ್ ತಿಂಗಳಿನಲ್ಲಿ ಸೂರ್ಯ ಎಂಟೂವರೆಗೆ ಮುಳುಗಿದರೆ ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಮುಳುಗುತ್ತಾನೆ. ಚಳಿಗಾಲದ ಶುಕ್ರವಾರ ಅಡುಗೆಯೆಲ್ಲ ನಾಲ್ಕು ಗಂಟೆಯೊಳಗೆ ಮುಗಿದಿರಬೇಕು. ದೀಪ ಹಚ್ಚಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಬೇಯಿಸುವಂತಿಲ್ಲ.

ನಮ್ಮ ಮನೆಯ ಲೆಕ್ಕ ಹೀಗಿದೆ. ಬುಧವಾರ ರಾತ್ರಿ ಮೂರು ಊಟದ ಪಟ್ಟಿ ಬರೆಯುತ್ತೇವೆ: ಶುಕ್ರವಾರ ರಾತ್ರಿ, ಶನಿವಾರ ಮಧ್ಯಾಹ್ನ, ಶನಿವಾರ ಸಂಜೆಯ ಹಗುರ ಊಟ. ಗುರುವಾರ ಕೋಳಿ ಸೂಪು ಆಗುತ್ತದೆ, ಬೇಳೆಕಾಳು ಆರಿಸಿ ನೆನೆಸುತ್ತೇವೆ. ಶಬ್ಬಾತ್‌ನಲ್ಲಿ ನಿಷೇಧವಿರುವ 39 ಬಗೆಯ ಕೆಲಸಗಳಲ್ಲಿ ಆರಿಸುವುದೂ ಒಂದು. ಅಕ್ಕಿಯಿಂದ ಕಲ್ಲು ತೆಗೆಯುವುದು ಕೂಡ ಅದಕ್ಕೆ ಸೇರುತ್ತದೆ. ಹಾಗಾಗಿ ಅದೆಲ್ಲ ಮುಂಚೆಯೇ.

ಶುಕ್ರವಾರ ಬೆಳಿಗ್ಗೆ ಹಲ್ಲಾ ಬ್ರೆಡ್ಡು. ಇದಕ್ಕೆ ಹಾಲು, ಬೆಣ್ಣೆ ಹಾಕಬೇಡಿ, ಪಾರ್ವೆ ಆಗಿದ್ದರೆ ಯಾವ ಊಟಕ್ಕೂ ಆಗುತ್ತದೆ. ಎರಡು ಬ್ರೆಡ್ಡಿಗೆ 500 ಗ್ರಾಂ ಮೈದಾ, 7 ಗ್ರಾಂ ಒಣ ಯೀಸ್ಟ್, 50 ಗ್ರಾಂ ಸಕ್ಕರೆ, 8 ಗ್ರಾಂ ಉಪ್ಪು, 2 ಮೊಟ್ಟೆ, 60 ಎಂಎಲ್ ಎಣ್ಣೆ, ಸುಮಾರು 170 ಎಂಎಲ್ ಉಗುರುಬೆಚ್ಚಗಿನ ನೀರು. ಹತ್ತು ನಿಮಿಷ ನಾದಿ. ಹೋಳಿಗೆ ಕಣಕಕ್ಕಿಂತ ಸ್ವಲ್ಪ ಗಟ್ಟಿ ಇರಲಿ. ಒಂದೂವರೆ ಗಂಟೆ ಉಬ್ಬಲು ಬಿಡಿ. ಮೂರೆಳೆ ಮಾಡಿ ಜಡೆ ಹೆಣೆಯಿರಿ. ಇನ್ನು ಮುಕ್ಕಾಲು ಗಂಟೆ ಬಿಟ್ಟು, ಮೇಲೆ ಮೊಟ್ಟೆ ಸವರಿ, 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಎರಡೇ ಯಾಕೆ ಅಂದರೆ, ಮರುಭೂಮಿಯಲ್ಲಿ ಆಕಾಶದಿಂದ ಬೀಳುತ್ತಿದ್ದ ಮನ್ನಾ ಶುಕ್ರವಾರ ಎರಡು ಪಾಲು ಸಿಗುತ್ತಿತ್ತಂತೆ.

ಶನಿವಾರ ಮಧ್ಯಾಹ್ನಕ್ಕೆ ಬಿಸಿ ಊಟ ಬೇಕಲ್ವಾ? ಅದಕ್ಕೆ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಕೂರುವ ಅಡುಗೆ ಇದೆ. ಮಾವನ ಕಡೆಯದ್ದು ಚೋಲೆಂಟ್. ಆರು ಜನಕ್ಕೆ ಒಂದು ಕಪ್ ಕಾಳು, ಅರ್ಧ ಕಪ್ ಬಾರ್ಲಿ, ಮೂರು ಆಲೂಗಡ್ಡೆ, ಎರಡು ಈರುಳ್ಳಿ, ಮುಕ್ಕಾಲು ಕೆಜಿ ಮಾಂಸ, ಮುಳುಗುವಷ್ಟು ನೀರು. ಅತ್ತೆಯ ಕಡೆಯದ್ದು ತ್ಬೀತ್, ಕೋಳಿಯ ಹೊಟ್ಟೆಗೆ ಅನ್ನ ತುಂಬಿ, ಸುತ್ತಲೂ ಅನ್ನ ಹಾಕಿ ಬೇಯಿಸುವುದು. ತಳದಲ್ಲಿ ಹತ್ತಿದ ಅನ್ನಕ್ಕೆ ನಮ್ಮಲ್ಲಿ ಜಗಳ. ಎರಡನ್ನೂ ಸ್ಲೋ ಕುಕ್ಕರಿನಲ್ಲಿ ದೀಪಕ್ಕೆ ಮುಂಚೆಯೇ ಇಟ್ಟುಬಿಡಬೇಕು.

ಕೊನೆಯ ಅರ್ಧ ಗಂಟೆಯಲ್ಲಿ ಮರೆಯುವ ಕೆಲಸಗಳು: ಬಿಸಿನೀರಿನ ಅರ್ನ್ ತುಂಬಿಸುವುದು, ಹಾಟ್‌ಪ್ಲೇಟ್ ಹಾಕುವುದು, ದೀಪಗಳ ಟೈಮರ್ ಹೊಂದಿಸುವುದು, ಫ್ರಿಜ್ಜಿನ ಬಾಗಿಲು ತೆರೆದರೆ ಹತ್ತುವ ಬಲ್ಬನ್ನು ಸಡಿಲ ಮಾಡುವುದು. ಈ ನಾಲ್ಕನ್ನೂ ಚೀಟಿ ಬರೆದು ಫ್ರಿಜ್ಜಿಗೇ ಅಂಟಿಸಿ.

ಆಮೇಲೆ ಮನೆ ಸುಮ್ನೆ ಆಗುತ್ತದೆ. ಅತ್ತೆ ದೀಪ ಹಚ್ಚಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ, ವೈನ್ ಮೇಲೆ ಕಿದ್ದುಶ್ ಎಂಬ ಪ್ರಾರ್ಥನೆ, ಕೈ ತೊಳೆಯುವುದು, ಬ್ರೆಡ್ಡು. ಕೈ ತೊಳೆದ ಮೇಲೆ ಬ್ರೆಡ್ಡು ಬಾಯಿಗೆ ಹಾಕುವವರೆಗೆ ಯಾರೂ ಮಾತಾಡುವುದಿಲ್ಲ. ಅತಿಥಿಗಳಿಗೆ ಇದನ್ನು ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ ಸಿಟ್ಟಾಗಿದ್ದಾರಾ ಎಂದು ಗಾಬರಿಯಾಗುತ್ತದೆ.

ನನ್ನ ಅಪ್ಪ ಅಮ್ಮ ಸಸ್ಯಾಹಾರಿಗಳು. ಅವರು ಬಂದ ವಾರ ಶಬ್ಬಾತ್ ಊಟವನ್ನು ಪೂರ್ತಿ ಹಾಲಿನದ್ದೇ ಮಾಡುತ್ತೇವೆ. ಮಾಂಸ ಇರಲೇಬೇಕು ಅಂತೇನೂ ಇಲ್ಲ. ಅವತ್ತು ತುಪ್ಪ, ಮಜ್ಜಿಗೆ ಹುಳಿ, ಶ್ಯಾವಿಗೆ ಪಾಯಸ ಎಲ್ಲಕ್ಕೂ ಜಾಗ.

ಹೆಜ್ಜೆ 5: ವರ್ಷದ ಹಬ್ಬಗಳನ್ನು ಕ್ಯಾಲೆಂಡರಿಗೆ ಹಾಕಿ

ಇವರದ್ದೂ ಚಂದ್ರನ ತಿಂಗಳು. ಸೂರ್ಯನ ವರ್ಷದೊಂದಿಗೆ ಹೊಂದಿಸಲು 19 ವರ್ಷಕ್ಕೆ ಏಳು ಸಲ ಒಂದು ತಿಂಗಳು ಜಾಸ್ತಿ ಸೇರಿಸುತ್ತಾರೆ. ನಮ್ಮ ಅಧಿಕ ಮಾಸದ ಹಾಗೆಯೇ. ಅದಕ್ಕೇ ಹಬ್ಬಗಳು ನಮ್ಮವುಗಳ ಅಕ್ಕಪಕ್ಕ ಬರುತ್ತಿರುತ್ತವೆ. ಹೊಸ ವರ್ಷವಾದ ರೋಶ್ ಹಶಾನಾ ಅಮಾವಾಸ್ಯೆಯ ಆಸುಪಾಸಿನಲ್ಲಿ ಬರುತ್ತದೆ. 2026ರಲ್ಲಿ ಅದು ಸೆಪ್ಟೆಂಬರ್ 11ರ ಸಂಜೆ ಶುರುವಾಗಿ 13ಕ್ಕೆ ಮುಗಿಯುತ್ತದೆ, ಮರುದಿನವೇ ಗಣೇಶ ಚತುರ್ಥಿ. ಜೇನುತುಪ್ಪದಲ್ಲಿ ಅದ್ದಿದ ಸೇಬು, ದುಂಡಗಿನ ಹಲ್ಲಾ, ದಾಳಿಂಬೆ ಆದ ಬೆನ್ನಿಗೇ ಕಡುಬು! ಅತ್ತೆಯ ಕಡೆಯವರು ಆ ರಾತ್ರಿ ಖರ್ಜೂರ, ಅಲಸಂದೆ, ಕುಂಬಳಕಾಯಿ, ಬೀಟ್‌ರೂಟ್ ಒಂದೊಂದನ್ನೂ ಹಾರೈಕೆ ಹೇಳಿ ತಿನ್ನುತ್ತಾರೆ.

ಯೋಮ್ ಕಿಪ್ಪುರ್ 25 ಗಂಟೆಯ ಉಪವಾಸ, ನೀರೂ ಇಲ್ಲ. ಹಿಂದಿನ ಸಂಜೆಯ ಊಟದಲ್ಲಿ ಉಪ್ಪು, ಖಾರ ಕಡಿಮೆ ಮಾಡಿ. ಕಾಫಿ ಅಭ್ಯಾಸ ಇರುವವರು ಒಂದು ವಾರದಿಂದಲೇ ಕಡಿಮೆ ಮಾಡುತ್ತಾ ಬಂದರೆ ತಲೆನೋವು ಕಡಿಮೆ. ಸುಕ್ಕೋತ್‌ನಲ್ಲಿ ಅಂಗಳದ ಚಪ್ಪರದಲ್ಲಿ ಊಟ, ಹಾಗಾಗಿ ಹೊತ್ತೊಯ್ಯಲು ಸುಲಭವಾದ ಒಂದೇ ಪಾತ್ರೆಯ ಅಡುಗೆ ಇರಲಿ. ಹನುಕ್ಕಾ ಎಂಟು ದಿನ ಎಣ್ಣೆಯ ಹಬ್ಬ, ಆಲೂಗಡ್ಡೆಯ ಲಾಟ್ಕೆ ಕರಿಯುತ್ತಾರೆ. ನಾನು ಒಂದು ದಿನ ಆಂಬೊಡೆ ಕರಿಯುತ್ತೇನೆ. ಪುರಿಮ್‌ನಲ್ಲಿ ಒಬ್ಬರಿಗಾದರೂ ಎರಡು ಬಗೆಯ ತಿಂಡಿ ಕಳಿಸಬೇಕು. ಶಾವುವೋತ್ ಹಾಲಿನ ಹಬ್ಬ, ಚೀಸ್‌ಕೇಕು. ನಮ್ಮ ಕುಂದವನ್ನೂ ಅತ್ತೆ ಅದರ ಪಕ್ಕ ಇಡುತ್ತಾರೆ.

ಬೆನೆ ಇಸ್ರೇಲ್ ಯಹೂದಿಗಳಲ್ಲಿ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಾಲಿದಾ ಎಂಬ ಸೇವೆ ಇದೆ. ಅವಲಕ್ಕಿಗೆ ಸಿಹಿ, ತೆಂಗಿನತುರಿ, ಏಲಕ್ಕಿ ಸೇರಿಸಿ, ಹಣ್ಣುಗಳೊಂದಿಗೆ ಹಂಚುತ್ತಾರೆ. ಅವಲಕ್ಕಿಯ ಪೊಟ್ಟಣ ಹಿಡಿದುಕೊಂಡು ಇದನ್ನು ಅತ್ತೆಗೆ ಹೇಳಿದ ದಿನ ಅವರ ಮುಖದ ಮೇಲಿನ ಸಂತೋಷ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಹೆಜ್ಜೆ 6: ಪೆಸಾಖ್‌ಗೆ ಒಂದು ತಿಂಗಳು ಮುಂಚೆಯೇ ಶುರು ಮಾಡಿ

ಈಜಿಪ್ಟಿನ ಗುಲಾಮಗಿರಿಯಿಂದ ಹೊರಟಾಗ ಹಿಟ್ಟು ಉಬ್ಬಲು ಕೂಡ ಸಮಯ ಇರಲಿಲ್ಲ. ಆ ನೆನಪಿಗೆ ಇಸ್ರೇಲಿನಲ್ಲಿ ಏಳು ದಿನ, ಹೊರಗೆ ಎಂಟು ದಿನ ಹಮೆಟ್ಸ್ ಇಲ್ಲದ ಊಟ. ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್ ಈ ಐದು ಧಾನ್ಯ ನೀರು ತಾಗಿ ಹುದುಗಿದರೆ ಹಮೆಟ್ಸ್. ಬ್ರೆಡ್ಡಿನ ಬದಲು ಮಾಟ್ಸಾ. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಅದು ಬೆಂದಿರಬೇಕು.

ನಾಲ್ಕು ವಾರ ಮುಂಚೆ ರವೆ, ಮೈದಾ, ಶ್ಯಾವಿಗೆ, ಬಿಸ್ಕತ್ತು ಕೊಳ್ಳುವುದನ್ನು ನಿಲ್ಲಿಸಿ, ಇರುವುದನ್ನು ಮುಗಿಸುತ್ತಾ ಬನ್ನಿ. ಎರಡು ವಾರ ಮುಂಚೆ ಮಸಾಲೆ ಡಬ್ಬ ತೆಗೆಯಿರಿ. ಇಲ್ಲಿ ನಮ್ಮವರು ಗಮನಿಸಲೇಬೇಕಾದದ್ದು ಇಂಗು. ಅಂಗಡಿಯ ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಇರುತ್ತದೆ. ಹಾಗಾಗಿ ಆ ಇಂಗೂ ಹೊರಗೆ, ಅದನ್ನು ಹಾಕಿದ ಸಾರಿನ ಪುಡಿ, ಹುಳಿ ಪುಡಿ, ಉಪ್ಪಿನಕಾಯಿಯೂ ಹೊರಗೆ.

ಕೊನೆಯ ವಾರ ಅಡುಗೆಮನೆ. ಫ್ರಿಜ್ಜಿನ ಶೆಲ್ಫುಗಳನ್ನು ಬಿಚ್ಚಿ ತೊಳೆಯಿರಿ. ಪೆಸಾಖ್‌ಗೇ ಬೇರೆ ಪಾತ್ರೆ ಇದ್ದರೆ ಉತ್ತಮ. ಇಲ್ಲದಿದ್ದರೆ ಸ್ಟೀಲ್ ಪಾತ್ರೆಯನ್ನು ಚೆನ್ನಾಗಿ ತಿಕ್ಕಿ, 24 ಗಂಟೆ ಬಳಸದೆ ಬಿಟ್ಟು, ಕುದಿಯುವ ನೀರಿನಲ್ಲಿ ಪೂರ್ತಿ ಮುಳುಗಿಸುತ್ತಾರೆ. ಮಣ್ಣಿನ ಪಾತ್ರೆಗೆ ಈ ಶುದ್ಧಿ ಹತ್ತುವುದಿಲ್ಲ. ಚಪಾತಿ ಬೇಯಿಸುವ ಕಾವಲಿಯನ್ನು ಒಳಗಿಟ್ಟುಬಿಡಿ, ಅದನ್ನು ಕೆಂಪಗಾಗುವಷ್ಟು ಕಾಯಿಸಬೇಕಾಗುತ್ತದೆ. ಮುಗಿಯದ ಹಮೆಟ್ಸನ್ನು ಒಂದು ಕಪಾಟಿನಲ್ಲಿಟ್ಟು ಬೀಗ ಹಾಕಿ, ಧರ್ಮಗುರುವಾದ ರಬ್ಬಿಯ ಮೂಲಕ ಯಹೂದಿ ಅಲ್ಲದವರಿಗೆ ಮಾರುವ ಪದ್ಧತಿ ಇದೆ. ಹಿಂದಿನ ರಾತ್ರಿ ಮನೆಯಲ್ಲಿ ಹತ್ತು ಬ್ರೆಡ್ ಚೂರು ಅಡಗಿಸಿಟ್ಟು, ಮಕ್ಕಳು ಮೇಣದಬತ್ತಿ, ಗರಿ ಹಿಡಿದು ಹುಡುಕುತ್ತಾರೆ. ಚೂರುಗಳನ್ನು ಎಲ್ಲಿಟ್ಟಿದ್ದೀರಿ ಎಂದು ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಅವನ್ನು ಸುಡಬೇಕು.

ಇನ್ನು ಅಕ್ಕಿಯ ವಿಷಯ. ಅಕ್ಕಿ, ಬೇಳೆ, ಕಾಳು, ಸಾಸಿವೆ ಹಮೆಟ್ಸ್ ಅಲ್ಲ. ಅವು ಕಿಟ್ನಿಯೋತ್. ಗೋಧಿ ಬೆರೆತೀತು, ಗೊಂದಲವಾದೀತು ಎಂದು ಅಶ್ಕೆನಾಜಿಗಳು ನೂರಾರು ವರ್ಷಗಳ ಹಿಂದೆ ಬಿಟ್ಟರು. ಸೆಫಾರ್ದಿ, ಇರಾಕಿ, ಬೆನೆ ಇಸ್ರೇಲ್ ಜನ ಅಕ್ಕಿ ಬಿಡಲಿಲ್ಲ. ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಸಮಿತಿ 2015ರಲ್ಲಿ ಅಶ್ಕೆನಾಜಿಗಳೂ ತಿನ್ನಬಹುದು ಎಂದಿತು. ನಮ್ಮ ಮನೆಯವರು ಆ ಪಂಥದವರು. ಆ ತೀರ್ಪು ಬಂದ ಮೇಲೂ ಮಾವ ತಿನ್ನಲಿಲ್ಲ, ಅವರಿಗೆ ಅಪ್ಪನ ಪದ್ಧತಿ ದೊಡ್ಡದು. ಆದರೆ ನೀನು ಮಾಡಿಕೋ ಎಂದು ಅತ್ತೆಗೆ ಅವರೇ ಹೇಳಿದರು. ಸಂಪ್ರದಾಯಸ್ಥ ಆರ್ಥೊಡಾಕ್ಸ್ ಪಂಥದ ಅಶ್ಕೆನಾಜಿ ಮನೆಗಳಲ್ಲಿ ಹಳೆಯ ಪದ್ಧತಿಯೇ ನಡೆಯುತ್ತದೆ. ಅಲ್ಲಿಗೆ ಅನ್ನದ ಪದಾರ್ಥ ಒಯ್ಯಬೇಡಿ.

ತಿನ್ನುವವರೂ ಅಕ್ಕಿಯನ್ನು ಮೂರು ಸಲ ಆರಿಸುತ್ತಾರೆ, ಒಂದು ಗೋಧಿ ಕಾಳೂ ಇರಬಾರದು. ಅತ್ತೆ ಮೇಜಿಗೆ ಬಿಳಿ ಬಟ್ಟೆ ಹಾಸಿ ಕೂರುತ್ತಾರೆ. ನಾನು ಊರಿನಿಂದ ತಂದ ಮೊರ ಹಿಡಿದು ಎದುರು ಕೂರುತ್ತೇನೆ. ಎರಡು ಕೆಜಿಗೆ ಒಂದು ಮಧ್ಯಾಹ್ನ ಬೇಕು. ವರ್ಷದಲ್ಲಿ ನಾವಿಬ್ಬರು ತುಂಬಾ ಮಾತಾಡುವ ಮಧ್ಯಾಹ್ನ ಅದು.

ಮೊದಲ ಎರಡು ರಾತ್ರಿ ಸೇದರ್ ಊಟ. ತಟ್ಟೆಯಲ್ಲಿ ಸುಟ್ಟ ಮೂಳೆ, ಬೇಯಿಸಿದ ಮೊಟ್ಟೆ, ಕಹಿಗೆ ಹಾರ್ಸ್‌ರ್‍ಯಾಡಿಶ್ ಮತ್ತು ಲೆಟ್ಯೂಸ್, ಉಪ್ಪುನೀರಿನಲ್ಲಿ ಅದ್ದಲು ಪಾರ್ಸ್ಲಿ ಅಥವಾ ಆಲೂಗಡ್ಡೆ, ಹರೋಸೆತ್. ಈ ಹರೋಸೆತ್, ಈಜಿಪ್ಟಿನಲ್ಲಿ ಗುಲಾಮರಾಗಿದ್ದಾಗ ಇಟ್ಟಿಗೆ ಕಟ್ಟುತ್ತಿದ್ದ ಗಾರೆಯ ನೆನಪು. ಮಾವನದ್ದು ಸೇಬು, ಅಕ್ರೋಟು, ದಾಲ್ಚಿನ್ನಿ, ವೈನ್. ಅತ್ತೆಯದ್ದು ಖರ್ಜೂರದ ಪಾಕಕ್ಕೆ ಅಕ್ರೋಟಿನ ಪುಡಿ, ಅಷ್ಟೇ. ನಾವು ಎರಡು ಬಟ್ಟಲು ಇಡುತ್ತೇವೆ. ಜೊತೆಗೆ ಮೂರು ಮಾಟ್ಸಾ, ಒಬ್ಬೊಬ್ಬರಿಗೆ ನಾಲ್ಕು ಲೋಟ ವೈನ್ ಅಥವಾ ದ್ರಾಕ್ಷಿ ರಸ. ಕಥೆ ಓದಿ, ಮನೆಯ ಚಿಕ್ಕ ಮಗು ನಾಲ್ಕು ಪ್ರಶ್ನೆ ಕೇಳಿ, ಊಟ ಬರುವಷ್ಟರಲ್ಲಿ ತಡವಾಗುತ್ತದೆ. ಮಕ್ಕಳಿಗೆ ಆರು ಗಂಟೆಗೇ ಏನಾದರೂ ತಿನ್ನಿಸಿಬಿಡಿ. ಅಶ್ಕೆನಾಜಿಗಳು ಆ ರಾತ್ರಿ ಸುಟ್ಟ ಕುರಿಮಾಂಸ ತಿನ್ನುವುದಿಲ್ಲ, ಸಾರಿನಲ್ಲಿ ಬೇಯಿಸಿದ್ದನ್ನು ಮಾಡಿ.

ಮಾವನಿಗೂ ಆಗುವ ನಮ್ಮ ಪದಾರ್ಥಗಳೂ ಇವೆ: ಸಾಸಿವೆ, ಬೇಳೆ, ಇಂಗು ಇಲ್ಲದ ಆಲೂಗಡ್ಡೆ ಪಲ್ಯ, ಬೀಟ್‌ರೂಟಿಗೆ ಕಾಯಿತುರಿ, ತೆಂಗಿನಕಾಯಿ ಬರ್ಫಿ.

2027ರ ಪೆಸಾಖ್ ಏಪ್ರಿಲ್ 21ರ ಬುಧವಾರ ಸಂಜೆ ಶುರು. ಗುರುವಾರ, ಶುಕ್ರವಾರ ಹಬ್ಬ, ಹಿಂದೆಯೇ ಶಬ್ಬಾತ್. ಮೂರು ದಿನದ ಊಟ ಒಟ್ಟಿಗೆ ಯೋಚಿಸಬೇಕು. ಹಬ್ಬದ ದಿನ ಮುಂಚೆಯೇ ಉರಿಯುತ್ತಿರುವ ಒಲೆಯಲ್ಲಿ ಅವತ್ತಿನ ಅಡುಗೆ ಮಾಡಬಹುದು. ಶುಕ್ರವಾರ ಶಬ್ಬಾತ್‌ಗಾಗಿ ಬೇಯಿಸಬೇಕಾದರೆ ಬುಧವಾರವೇ ಒಂದು ಮಾಟ್ಸಾ, ಒಂದು ಬೇಯಿಸಿದ ಮೊಟ್ಟೆ ತೆಗೆದಿಟ್ಟು ಪ್ರಾರ್ಥನೆ ಹೇಳಬೇಕು. ಇದಕ್ಕೆ ಎರುವ್ ತಾವ್‌ಶಿಲಿನ್ ಎನ್ನುತ್ತಾರೆ. ಮರೆತರೆ ಪರದಾಡಬೇಕಾಗುತ್ತದೆ.

ಎಂಟನೇ ದಿನ ಕತ್ತಲಾದ ಮೇಲೆ, ಮಾರಿದ ಹಮೆಟ್ಸನ್ನು ರಬ್ಬಿ ವಾಪಸ್ ಕೊಳ್ಳಲು ಸ್ವಲ್ಪ ಹೊತ್ತು ಬಿಟ್ಟು, ಕಪಾಟಿನ ಬೀಗ ತೆಗೆಯುತ್ತೇವೆ. ಪೆಸಾಖ್ ಪಾತ್ರೆಗಳು ಡಬ್ಬಕ್ಕೆ ಹೋಗುತ್ತವೆ, ಬಾಣಲೆ ಹೊರಗೆ ಬರುತ್ತದೆ. ಎಣ್ಣೆಗೆ ಸಾಸಿವೆ ಬಿದ್ದು ಚಟಪಟ ಎಂದ ಕೂಡಲೇ ಮಾವ ಅಡುಗೆಮನೆಗೆ ಬರುತ್ತಾರೆ. ರವೆ ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡುವುದು ಅವರ ಕೆಲಸ.